ಚೈನ್ ಸಾ ಕೆಟ್ಟರೆ ಮೊದಲು ಏನು ನೋಡಬೇಕು? ಸಿಯಾಟಲ್ ಕಡೆ ಮರ ಕಡಿಯುವವರ ರಿಪೇರಿ ಕ್ರಮ

ಸಿಯಾಟಲ್: ಸಿಯಾಟಲ್ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮೈಕ್ರೋಸಾಫ್ಟ್, ಅಮೆಜಾನ್, ಬೋಯಿಂಗ್. ಆದರೆ ಆ ಊರು ಎದ್ದು ನಿಂತದ್ದು ಮರದ ದುಡ್ಡಿನಲ್ಲಿ. ಹೆನ್ರಿ ಯೆಸ್ಲರ್ ಎಂಬಾತ 1853ರಲ್ಲಿ ಅಲ್ಲಿನ ಕಡಲಂಚಿನಲ್ಲಿ ಉಗಿ ಯಂತ್ರದ ಸಾಮಿಲ್ಲು ಶುರು ಮಾಡಿದ. ಗುಡ್ಡದ ಮೇಲಿಂದ ದಿಮ್ಮಿ ಜಾರಿಸಿಕೊಂಡು ಬರುತ್ತಿದ್ದ ದಾರಿಯೇ ಈಗಿನ ಯೆಸ್ಲರ್ ವೇ. ಅಮೆರಿಕದ ದೊಡ್ಡ ಮರದ ಕಂಪನಿಗಳಲ್ಲೊಂದಾದ ವೇಯರ್‌ಹೌಸರ್‌ನ ಕೇಂದ್ರ ಕಚೇರಿ 2016ರಿಂದ ಸಿಯಾಟಲ್ ಪೇಟೆಯೊಳಗೇ ಇದೆ. ಪೂರ್ವಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಕ್ಯಾಸ್ಕೇಡ್ ಬೆಟ್ಟಗಳ ಬುಡದಲ್ಲಿ, ನಾರ್ತ್ ಬೆಂಡ್, ಎನಮ್‌ಕ್ಲಾ ಕಡೆ, ಡಗ್ಲಸ್ ಫರ್ ಮರ ಕಡಿಯುವ ಕಾಡು ಸಿಗುತ್ತದೆ.

ಗಲ್ಫ್‌ನಲ್ಲಿರುವವರಿಗೆ ಈ ವಿಷಯ ಯಾಕೆ ಎಂದರೆ, ಮಿಷನ್ ಒಂದೇ. ಅಲ್ಲಿನ ಕಾಡಿನಲ್ಲಿ ಓಡುವ ಸ್ಟೀಲ್, ಹಸ್ಕ್ವರ್ನಾ ಚೈನ್ ಸಾಗಳೇ ಇಲ್ಲಿ ಖರ್ಜೂರದ ಮರ ಕತ್ತರಿಸುವ ಲ್ಯಾಂಡ್‌ಸ್ಕೇಪಿಂಗ್ ಕೆಲಸದವರ ಕೈಯಲ್ಲಿವೆ. ಊರಲ್ಲಿ ಕೊಡಗಿನ ಎಸ್ಟೇಟ್, ಮಲೆನಾಡಿನ ತೋಟ, ಕಾಸರಗೋಡಿನ ರಬ್ಬರ್ ತೋಟದಲ್ಲೂ ಇವೆ. ಊರಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಮಿಷನ್ ತಗೊಂಡು ಬಾಡಿಗೆಗೆ ಓಡಿಸೋಣ ಅಂತ ಲೆಕ್ಕ ಹಾಕುವವರೂ ಕಡಿಮೆಯಿಲ್ಲ. ಆ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ಕಾರಣ ಹುಡುಕದೆ ಪಾರ್ಟ್ ಬದಲಿಸುವುದು. ಸೀಝ್ ಆದ ಪಿಸ್ಟನ್ ತೆಗೆದು ಹೊಸದು ಹಾಕಿದರೆ ರಿಪೇರಿ ಮುಗಿಯಲ್ಲ. ಅದನ್ನು ಸುಟ್ಟ ಕಾರಣ ಒಳಗೇ ಉಳಿದಿದ್ದರೆ ಹೊಸ ಪಿಸ್ಟನ್ ಕೂಡ ಕೆಲವೇ ಟ್ಯಾಂಕ್ ಪೆಟ್ರೋಲಿಗೆ ಹೋಗುತ್ತದೆ.

ವಾಷಿಂಗ್ಟನ್ ರಾಜ್ಯದಲ್ಲಿ ಮಿಷನ್ ಕೆಡುವುದು ಇನ್ನೂ ದುಬಾರಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಏರಿದಾಗ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಮುನ್ನೆಚ್ಚರಿಕೆಯ ಹಂತಗಳನ್ನು ಘೋಷಿಸುತ್ತದೆ. ಎರಡನೇ ಹಂತ ಬಂದರೆ, ಮರ ಲೋಡ್ ಮಾಡುವ ಜಾಗ ಬಿಟ್ಟು ಬೇರೆಡೆ ಮಧ್ಯಾಹ್ನ 1ರಿಂದ ರಾತ್ರಿ 8ರವರೆಗೆ ಚೈನ್ ಸಾ ಓಡಿಸುವಂತಿಲ್ಲ. ಯುಎಇಯ ಬೇಸಿಗೆಯ ಮಧ್ಯಾಹ್ನದ ವಿರಾಮದ ಹಾಗೇ, ಆದರೆ ಇದು ಮನುಷ್ಯನಿಗಾಗಿ ಅಲ್ಲ, ಕಾಡಿಗಾಗಿ. ಹಾಗಾಗಿ ನಸುಕಿಗೇ ಕೆಲಸ ಶುರು. ಬೆಳಗ್ಗೆ ಏಳಕ್ಕೆ ಮಿಷನ್ ಕೈಕೊಟ್ಟರೆ ಆ ದಿನದ ದುಡಿಮೆ ಹೋದ ಹಾಗೆಯೇ. ಪಳಗಿದವರು ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಗೆ ಹೋಗುವುದು ಇದಕ್ಕೇ.

ಯಾವುದಕ್ಕೂ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪ್ ಕಿತ್ತು ಬದಿಗಿಡಿ. ಚೈನ್ ಮುಟ್ಟುವಾಗ ಕೈಗವಸು ಇರಲಿ.

ಸ್ಟಾರ್ಟೇ ಆಗಲ್ಲ ಎಂದರೆ

ಪ್ಲಗ್ ಬಿಚ್ಚಿ ನೋಡಿ. ಹತ್ತು ಸಲ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಒದ್ದೆಯಾಗಿ ನಾರುತ್ತಿದ್ದರೆ ಪೆಟ್ರೋಲ್ ಬಂದಿದೆ, ಒಂದೋ ಕಿಡಿ ಇಲ್ಲ ಇಲ್ಲವೇ ಚೋಕ್ ಹಾಕಿ ಎಳೆದೂ ಎಳೆದೂ ಓವರ್‌ಫ್ಲೋ ಆಗಿದೆ. ಓವರ್‌ಫ್ಲೋ ಆಗಿದ್ದರೆ ಪ್ಲಗ್ ಹೊರಗಿಟ್ಟು, ಚೋಕ್ ತೆಗೆದು, ಮಿಷನ್ ತಲೆಕೆಳಗೆ ಮಾಡಿ ನಾಲ್ಕೈದು ಸಲ ಎಳೆದರೆ ಒಳಗಿನ ಪೆಟ್ರೋಲ್ ಹೊರಬೀಳುತ್ತದೆ. ಪ್ಲಗ್ ಒರೆಸಿ ಹಾಕಿ. ಕಿಡಿ ನೋಡುವಾಗ ಪ್ಲಗ್ಗನ್ನು ಸಿಲಿಂಡರಿನ ಲೋಹಕ್ಕೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಎಳೆಯಬೇಕು. ತೂತಿನಿಂದ ಬರುವ ಪೆಟ್ರೋಲ್ ಹಬೆಗೆ ಬೆಂಕಿ ಹತ್ತಬಹುದು. ಪ್ಲಗ್ ಗ್ಯಾಪ್ ಹೆಚ್ಚಿನ ಮಾಡೆಲ್‌ಗಳಿಗೆ 0.5 ಮಿಮೀ. ಕಿಡಿ ಇಲ್ಲವಾದರೆ ಕಾಯಿಲ್ ದೂರುವ ಮುನ್ನ ಸ್ವಿಚ್ಚಿನ ಸಣ್ಣ ವೈರ್ ಸವೆದು ಬಾಡಿಗೆ ತಾಗಿದೆಯೇ ನೋಡಿ. ಎಷ್ಟೋ ಒಳ್ಳೆಯ ಕಾಯಿಲ್‌ಗಳು ಈ ವೈರಿನ ತಪ್ಪಿಗೆ ಗುಜರಿ ಸೇರಿವೆ.

ಪೆಟ್ರೋಲ್ ಬರದಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್, ಅದರ ಪೈಪು, ಆಮೇಲೆ ಕಾರ್ಬ್ಯುರೇಟರಿನ ಡಯಾಫ್ರಮ್. ಈ ರಬ್ಬರ್ ಪದರ ಮೆತ್ತಗಿರಬೇಕು, ಹಳೇ ಪೆಟ್ರೋಲಿಗೆ ಗಟ್ಟಿಯಾಗಿ ಕಾಗದದಂತಾಗುತ್ತದೆ. 2024ರ ನವೆಂಬರ್ 19ರ ರಾತ್ರಿ ಸಿಯಾಟಲ್ ಸುತ್ತ ಬಿರುಗಾಳಿ ಬೀಸಿ ಬೆಲ್‌ವ್ಯೂ, ಇಸಾಕ್ವಾ ಕಡೆ ಮನೆಗಳ ಮೇಲೂ ರಸ್ತೆಗಳ ಮೇಲೂ ಮರ ಉರುಳಿದ್ದವು, ಲಕ್ಷಾಂತರ ಮನೆಗೆ ಕರೆಂಟ್ ಇರಲಿಲ್ಲ. ವರ್ಷಕ್ಕೊಮ್ಮೆ ಇಂಥ ಹೊತ್ತಿನಲ್ಲಿ ಗ್ಯಾರೇಜಿನಿಂದ ಹೊರಬರುವ ಚೈನ್ ಸಾ ಸ್ಟಾರ್ಟ್ ಆಗದಿರಲು ಮುಖ್ಯ ಕಾರಣ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ, ರಬ್ಬರು ಕೆಡಿಸುತ್ತದೆ. ಅಮೆರಿಕದಲ್ಲಿ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲನ್ನು ಇಂಥ ಸಣ್ಣ ಎಂಜಿನ್‌ಗೆ ಹಾಕುವಂತಿಲ್ಲ. ಭಾರತದಲ್ಲಿ ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 20ರ ಪೆಟ್ರೋಲ್. ಊರಲ್ಲಿ ಮಿಷನ್ ಇಟ್ಟವರು ಕಂಪನಿ ಪುಸ್ತಕದಲ್ಲಿ ಎಷ್ಟರವರೆಗೆ ಅಡ್ಡಿಯಿಲ್ಲ ಎಂದು ಬರೆದಿದೆ ನೋಡಿಕೊಳ್ಳಿ, ಮತ್ತು ಕೆಲಸ ಮುಗಿದ ಸಂಜೆ ಟ್ಯಾಂಕ್ ಖಾಲಿ ಮಾಡಿ, ಆಫ್ ಆಗುವವರೆಗೆ ಓಡಿಸಿ ಇಡಿ. ಎಣ್ಣೆ ಮಿಶ್ರಣ 50ಕ್ಕೆ 1, ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿ ಒಳ್ಳೆಯ ಟು ಸ್ಟ್ರೋಕ್ ಎಣ್ಣೆ. ಕಣ್ಣಂದಾಜು ಬೇಡ, ಅಳತೆ ಲೋಟ ಇರಲಿ.

ಬಿಸಿಯಾದ ಮೇಲೆ ಆಫ್ ಆಗುವ ರೋಗ

ಜನರನ್ನು ಹೆಚ್ಚು ಸತಾಯಿಸುವುದು ಇದು. ಬೆಳಗ್ಗೆ ಚೆನ್ನಾಗಿ ಓಡುತ್ತದೆ, ಇಪ್ಪತ್ತು ನಿಮಿಷಕ್ಕೆ ಸಾಯುತ್ತದೆ, ಆರಿದ ಮೇಲೆ ಮತ್ತೆ ಸ್ಟಾರ್ಟ್. ಅಂಗಡಿಗೆ ಒಯ್ಯುವಷ್ಟರಲ್ಲಿ ಆರಿರುತ್ತದೆ, ಮೆಕ್ಯಾನಿಕ್ ‘ಏನೂ ಪ್ರಾಬ್ಲಮ್ ಇಲ್ವಲ್ಲ’ ಅಂತಾನೆ. ಇದಕ್ಕೆ ಮೂರು ಕಾರಣ ಇರಬಹುದು, ಮೂರನ್ನೂ ಕೆಲಸದ ಜಾಗದಲ್ಲೇ ಬೇರ್ಪಡಿಸಬಹುದು.

ಆಫ್ ಆದ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಹತ್ತಿರ ಬೀಡಿ, ಸಿಗರೇಟು ಬೇಡ. ಗಾಳಿ ಒಳಗೆಳೆದುಕೊಂಡ ಸದ್ದು ಬಂದು, ಮುಚ್ಚಿ ಎಳೆದರೆ ಮಿಷನ್ ಓಡಿದರೆ ಟ್ಯಾಂಕಿನ ಗಾಳಿ ಕಿಂಡಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಕಾರ್ಬ್ಯುರೇಟರ್ ಎಳೆಯಲಾಗುತ್ತಿಲ್ಲ, ಅಷ್ಟೇ. ಕಿಂಡಿಯ ಭಾಗ ಬದಲಿಸಿದರೆ ಮುಗಿಯಿತು, ದುಡ್ಡು ಹೆಚ್ಚಿಲ್ಲ. ಮುಚ್ಚಳ ತೆರೆದರೂ ಓಡದಿದ್ದರೆ, ಬಿಸಿ ಇರುವಾಗಲೇ ಕಿಡಿ ನೋಡಿ. ಆಗ ಕಿಡಿ ಇಲ್ಲದೆ ಆರಿದ ಮೇಲೆ ಬಂದರೆ ಕಾಯಿಲ್ಲೇ ಕಳ್ಳ. ಹೊಸ ಕಾಯಿಲ್ ಕೂರಿಸುವಾಗ ಫ್ಲೈವೀಲಿಗೂ ಅದಕ್ಕೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ಬಿಗಿ ಮಾಡುವುದು ಎಲ್ಲೆಡೆ ರೂಢಿ. ಮೂರನೆಯದು ಕಂಪ್ರೆಷನ್. ಕಿಡಿ ಇದೆ, ಪೆಟ್ರೋಲ್ ಇದೆ, ಹಗ್ಗ ಮಾತ್ರ ಸಲೀಸಾಗಿ ಬರುತ್ತಿದೆ ಎಂದರೆ ರಿಂಗ್ ಸವೆದಿದೆ. 70 ಸಿಸಿಯ ಕಾಡಿನ ಮಿಷನ್‌ನಲ್ಲಿ ಗೇಜು ಹಾಕಿದರೆ 150 ಪಿಎಸ್‌ಐ ಆಸುಪಾಸು ತೋರಿಸಬೇಕು. ಹಗುರ ಎಳೆತದ ಬಟನ್ ಒತ್ತಿಟ್ಟಿದ್ದರೆ ಗೇಜು ಸುಳ್ಳು ಹೇಳುತ್ತದೆ.

ಸಿಯಾಟಲ್‌ನ ಚಳಿಗಾಲದಲ್ಲಿ ನಾಲ್ಕನೆಯದೊಂದಿದೆ. ಶೂನ್ಯಕ್ಕಿಂತ ತುಸು ಮೇಲಿನ ಚಳಿ, ಎಡೆಬಿಡದ ತೇವ. ಕಾರ್ಬ್ಯುರೇಟರ್ ಒಳಗೆ ಮಂಜು ಕಟ್ಟಿ ಎಂಜಿನ್ ಮುಗ್ಗರಿಸುತ್ತದೆ. ಸಿಲಿಂಡರಿನ ಬಿಸಿ ಗಾಳಿಯನ್ನು ಕಾರ್ಬ್ಯುರೇಟರ್ ಕಡೆ ಬಿಡುವ ಸಣ್ಣ ತಟ್ಟೆಯೊಂದು ಅನೇಕ ಮಿಷನ್‌ಗಳಲ್ಲಿರುತ್ತದೆ, ಅದನ್ನು ಚಳಿಗಾಲದ ಕಡೆಗೆ ತಿರುಗಿಸುತ್ತಾರೆ. ದುಬೈ, ದಮ್ಮಾಮಿನಲ್ಲಿ ಯಾರಿಗೂ ಇದು ಬೇಡ. ಆದರೆ ಚಳಿ ದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಮಿಷನ್ ಆದರೆ ತಟ್ಟೆ ಯಾವ ಕಡೆಗಿದೆ ಎಂದು ನೋಡಲೇಬೇಕು. ಚಳಿಗಾಲದ ಕಡೆಗೇ ಇದ್ದರೆ ನಮ್ಮ ಸೆಕೆಯಲ್ಲಿ ಎಂಜಿನ್ ಬೇಯುತ್ತದೆ.

ಪಿಸ್ಟನ್ ಹೇಳುವ ಕಥೆ

ಸೈಲೆನ್ಸರ್ ಹಿಡಿದಿರುವುದು ಎರಡು ಮೂರು ಬೋಲ್ಟು ಮಾತ್ರ. ತೆಗೆದು ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮೈ ಕಾಣುತ್ತದೆ. ನಯವಾಗಿ ಹೊಳೆಯುತ್ತಿದ್ದರೆ ಒಳ್ಳೆಯದು. ಸೈಲೆನ್ಸರ್ ಕಡೆ ಮಾತ್ರ ಮೇಲಿಂದ ಕೆಳಗೆ ಗೀರು ಬಿದ್ದಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿಯಾಗಿ ಬಿಸಿಯೇರಿದೆ ಎಂದು ಅರ್ಥ. ಸುತ್ತಲೂ ಗೀರಿದ್ದರೆ ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿದ್ದಾರೆ. ಕಾರ್ಬ್ಯುರೇಟರ್ ಕಡೆ ಮಂಕಾಗಿ ಉಜ್ಜಿದ ಹಾಗಿದ್ದರೆ ಏರ್ ಫಿಲ್ಟರಿನಲ್ಲಿ ತೂರಿದ ಧೂಳು. ಸಿಯಾಟಲ್ ಕಡೆಯ ಕೆಂಪು ಸೀಡರ್ ಮರದ ನಾರಿನಂಥ ಹೊಟ್ಟು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಗಲ್ಫ್‌ನಲ್ಲಿ ಆ ಕೆಲಸ ಮರಳು ಮಾಡುತ್ತದೆ, ಇನ್ನೂ ಕೆಟ್ಟದಾಗಿ.

ಗಾಳಿ ಜಾಸ್ತಿ ಎಲ್ಲಿಂದ ಬಂತು ಎಂಬುದೇ ಮುಖ್ಯ ಪ್ರಶ್ನೆ. ಟು ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲೂ ಎಣ್ಣೆಯೂ ಒಟ್ಟಿಗೇ ಕ್ರ್ಯಾಂಕ್ ಕೇಸಿನ ಮೂಲಕ ಹೋಗುತ್ತವೆ. ಅಲ್ಲಿ ಒಂದು ಆಯಿಲ್ ಸೀಲ್ ಸೋರಿದರೂ, ಕಾರ್ಬ್ಯುರೇಟರಿನ ರಬ್ಬರ್ ಬೂಟು ಬಿರುಕು ಬಿಟ್ಟರೂ ಹೊರಗಿನ ಗಾಳಿ ನುಗ್ಗುತ್ತದೆ, ಪೆಟ್ರೋಲಿನ ಜೊತೆ ಎಣ್ಣೆಯ ಪಾಲೂ ಕಡಿಮೆಯಾಗುತ್ತದೆ. ಗುರುತು ಸುಲಭ: ರೇಸ್ ಬಿಟ್ಟರೂ ಎಂಜಿನ್ ತಕ್ಷಣ ಇಳಿಯಲ್ಲ, ಸ್ಲೋದಲ್ಲಿ ಏರಿಳಿತ, ಮಿಷನ್ ಮಗ್ಗುಲಿಗೆ ವಾಲಿಸಿದರೆ ಸದ್ದು ಬದಲಾಗುತ್ತದೆ. ಇದು ಕಂಡ ಮೇಲೆ ಒಂದು ಮರವನ್ನೂ ಕತ್ತರಿಸಬಾರದು. ಕೆಲವರು ಎಚ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚು ಕೊಟ್ಟು ಸಂಭಾಳಿಸುತ್ತಾರೆ. ಅದು ಸೋರುವ ಮಾಡಿಗೆ ಬಕೆಟ್ ಇಟ್ಟ ಹಾಗೆ.

ಖಚಿತ ಪರೀಕ್ಷೆ ಗಾಳಿ ಒತ್ತಡದ್ದು. ಸೈಲೆನ್ಸರ್ ಬಾಯಿ ಮತ್ತು ಕಾರ್ಬ್ಯುರೇಟರ್ ಬಾಯಿಯನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ಕೈ ಪಂಪಿನಿಂದ 0.5 ಬಾರ್, ಅಂದರೆ ಸುಮಾರು 7 ಪಿಎಸ್‌ಐ ತುಂಬಿದರೆ ಮುಳ್ಳು ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲೇಳುತ್ತದೆ ನೋಡಿ. ಆಮೇಲೆ ಗಾಳಿ ಹೀರಿಯೂ ಪರೀಕ್ಷಿಸಬೇಕು, ಒತ್ತಡಕ್ಕೆ ಬಿಗಿಯಾಗಿ ನಿಂತ ಸೀಲು ಹೀರಿದಾಗ ಸೋರುವುದುಂಟು. ಪಿಸ್ಟನ್ ಬದಲಿಸಿಕೊಡುವ ಮೆಕ್ಯಾನಿಕ್ ಬಳಿ ‘ಪ್ರೆಷರ್ ಟೆಸ್ಟ್ ಮಾಡಿದ್ರಾ?’ ಎಂದು ಕೇಳಿ. ಇಲ್ಲ ಎಂದರೆ ದುಡ್ಡು ಕೊಡುವ ಮೊದಲು ಮಾಡಿಸಿಕೊಳ್ಳಿ.

ಟ್ಯೂನಿಂಗ್ ಕೊನೆಯ ಕೆಲಸ, ಮೊದಲನೆಯದಲ್ಲ. ಹೊಸ ಮಾಡೆಲ್‌ಗಳಲ್ಲಿ ಆ ಸ್ಕ್ರೂಗಳೇ ಇಲ್ಲ. ಸ್ಟೀಲ್‌ನ ಎಂ ಟ್ರಾನಿಕ್, ಹಸ್ಕ್ವರ್ನಾದ ಆಟೋಟ್ಯೂನ್ ತಾವೇ ಸರಿಮಾಡಿಕೊಳ್ಳುತ್ತವೆ, ಸ್ಟೀಲ್ ಎಂಎಸ್ 500ಐಯಲ್ಲಿ ಕಾರ್ಬ್ಯುರೇಟರೇ ಇಲ್ಲದೆ ಇಂಜೆಕ್ಷನ್ ಇದೆ. ಇವು ಕೆಟ್ಟರೆ ಡೀಲರ್ ಬಳಿಯ ಕಂಪ್ಯೂಟರ್ ಬೇಕಾಗಬಹುದು. ಡೀಲರ್ ದೂರ ಇರುವ ಹಳ್ಳಿಯವರು ಕೊಳ್ಳುವ ಮುನ್ನ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಎಂಜಿನ್ ಸರಿ, ಕಡಿತ ಇಲ್ಲ

ಪವರ್ ಇಲ್ಲ ಎಂಬ ದೂರಿನಲ್ಲಿ ಅರ್ಧಪಾಲು ಚೈನಿನದ್ದೇ. ಮರದಿಂದ ದಪ್ಪ ಚಕ್ಕೆ ಉದುರಬೇಕು. ಹಿಟ್ಟಿನಂಥ ಹೊಟ್ಟು ಬಂದರೆ ಹಲ್ಲು ಮೊಂಡಾಗಿದೆ. ಒಂದೇ ಕಡೆಗೆ ಎಳೆದರೆ ಎಡ ಬಲದ ಹಲ್ಲು ಸಮ ಇಲ್ಲ, ಇಲ್ಲವೇ ಬಾರಿನ ಅಂಚು ಒಂದು ಕಡೆ ಸವೆದಿದೆ. ಈಗಿನ ಚೈನಿನ ಬಾಗಿದ ಹಲ್ಲಿನ ಮೂಲ ಸಿಯಾಟಲ್‌ನ ಪಕ್ಕದ ಆರೆಗನ್ ರಾಜ್ಯದ್ದು: ಜೋ ಕಾಕ್ಸ್ ಎಂಬ ಮರಗೆಲಸದವ 1946ರಲ್ಲಿ ಮರ ಕೊರೆಯುವ ಹುಳುವಿನ ಬಾಯಿ ಗಮನಿಸಿ ವಿನ್ಯಾಸ ಮಾಡಿ, ಮರುವರ್ಷ ಪೋರ್ಟ್‌ಲ್ಯಾಂಡ್‌ನಲ್ಲಿ ಕಂಪನಿ ತೆರೆದ. ಸಾಮಾನ್ಯ ಬಾರಿಗಿಂತ ಎಷ್ಟೋ ಉದ್ದದ, 28ರಿಂದ 36 ಇಂಚಿನ ಬಾರು ಅಲ್ಲಿ ಮಾಮೂಲಿ. ಅದಕ್ಕೆ ಹಲ್ಲು ಕಡಿಮೆ ಇರುವ ಚೈನ್ ಹಾಕುತ್ತಾರೆ, ಚಕ್ಕೆ ಸರಾಗ ಹೊರಬರಲಿ ಎಂದು.

ದೊಡ್ಡ ಮಿಷನ್‌ಗಳ 3/8 ಅಳತೆಯ ಚೈನಿಗೆ 5.5 ಮಿಮೀ ದುಂಡು ಅರ. ಪ್ರತಿ ಟ್ಯಾಂಕಿಗೊಮ್ಮೆ ಎರಡು ಮೂರು ಉಜ್ಜು ಸಾಕು. ಹಲ್ಲಿನ ಮುಂದಿನ ರೇಕರ್ ಹಲ್ಲಿಗಿಂತ ಸುಮಾರು 0.65 ಮಿಮೀ ಕೆಳಗಿರಬೇಕು. ಬೇಗ ಕಡಿಯಲಿ ಎಂದು ಅದನ್ನು ಅತಿಯಾಗಿ ಉಜ್ಜಿದರೆ ಮಿಷನ್ ಹಿಂದಕ್ಕೆ ಒದೆಯುತ್ತದೆ, ಒದೆತ ಬರುವುದು ಮುಖದ ಕಡೆಗೆ.

ಚೈನ್ ಎಣ್ಣೆ ಬರುತ್ತಿದೆಯೇ ನೋಡಲು ಬಾರಿನ ತುದಿಯನ್ನು ತಿಳಿ ಬಣ್ಣದ ದಿಮ್ಮಿಯ ಮೇಲೆ ತಾಗಿಸದೆ ಹಿಡಿದು ರೇಸ್ ಕೊಡಿ, ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರಿನ ತೂತು, ಗಾಡಿ ಕೆರೆಯಿರಿ. ಪಂಪ್ ಕೆಟ್ಟಿರುವುದು ಅಪರೂಪ. ಸ್ಲೋದಲ್ಲಿ ಚೈನ್ ತಿರುಗುತ್ತಿದ್ದರೆ ಸ್ಲೋ ಸ್ಕ್ರೂ ಹೆಚ್ಚಾಗಿದೆ ಅಥವಾ ಕ್ಲಚ್ ಸ್ಪ್ರಿಂಗ್ ತುಂಡಾಗಿದೆ. ಅಂಥ ಮಿಷನ್ ಹಿಡಿದು ಒಂದು ಹೆಜ್ಜೆಯೂ ನಡೆಯಬೇಡಿ. ಚೈನ್ ಬ್ರೇಕೂ ಹಾಗೇ. ಅಮೆರಿಕದ ಮರಗೆಲಸದ ಸುರಕ್ಷತಾ ನಿಯಮದಲ್ಲಿ 1995ರ ಫೆಬ್ರುವರಿ 9ರ ನಂತರ ಬಳಕೆಗೆ ಬಂದ ಚೈನ್ ಸಾಗಳಿಗೆ ಅದು ಕಡ್ಡಾಯ.

ಇಷ್ಟೆಲ್ಲ ಸರಿ ಇದ್ದೂ ಪವರ್ ಇಲ್ಲದಿದ್ದರೆ ಸೈಲೆನ್ಸರಿನೊಳಗಿನ ಕಿಡಿ ತಡೆಯುವ ಜಾಲರಿ ನೋಡಿ, ಮಸಿ ಕಟ್ಟಿರುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. ಕಿತ್ತೆಸೆಯುವವರಿದ್ದಾರೆ, ವಾಷಿಂಗ್ಟನ್ ಕಾಡಿನಲ್ಲಿ ಬೇಸಿಗೆಯಲ್ಲಿ ಜಾಲರಿ ಇಲ್ಲದ ಮಿಷನ್ ಕಾನೂನಿಗೆ ವಿರುದ್ಧ, ಒಣ ಖರ್ಜೂರದ ಗರಿಯ ನಡುವೆಯೂ ಅಪಾಯ ಅಷ್ಟೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಮಾರುವವನು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಆರುವವರೆಗೆ ಕಾಯಿರಿ. ತಣ್ಣಗಿನ ಸ್ಟಾರ್ಟ್, ಬಿಸಿ ಸ್ಟಾರ್ಟ್ ಎರಡೂ ನೋಡಿ. ಸೈಲೆನ್ಸರ್ ಬಿಚ್ಚಿ ಪಿಸ್ಟನ್ ತೋರಿಸು ಎನ್ನಿ, ಒಪ್ಪದಿದ್ದರೆ ವ್ಯಾಪಾರ ಬೇಡ. ಸಿಲಿಂಡರ್, ಪಿಸ್ಟನ್, ಸೀಲು, ಕೂಲಿ ಎಲ್ಲ ಸೇರಿ ಖರ್ಚು ಅಂಥದೇ ಒಳ್ಳೆಯ ಮಿಷನ್ ಬೆಲೆಯ ಅರ್ಧ ದಾಟುವಂತಿದ್ದರೆ ಬಿಟ್ಟುಬಿಡುವುದೇ ಲಾಭ. ಬಾರು, ಚೈನ್, ಸ್ಪ್ರಾಕೆಟ್ ಹೇಗೂ ಮತ್ತೆ ಮತ್ತೆ ಬರುವ ಖರ್ಚು, ಅದನ್ನು ಬೇರೆ ಬರೆದಿಡಿ. ಇನ್ನು ಊರಿಗೆ ಒಯ್ಯುವ ಯೋಚನೆ ಇದ್ದರೆ ಒಂದು ಮಾತು: ಒಮ್ಮೆ ಪೆಟ್ರೋಲ್ ಹಾಕಿ ಓಡಿಸಿದ ಎಂಜಿನನ್ನು ಟ್ಯಾಂಕ್ ಖಾಲಿ ಮಾಡಿದರೂ ವಿಮಾನದ ಲಗೇಜಿನಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಕಾರ್ಗೋದವರನ್ನು ಕೇಳಿಯೇ ದುಡ್ಡು ಕೊಡಿ.