ಕಡಲಿಲ್ಲದ ರಾಜಧಾನಿಗೆ ಬಂದ ದೂರು

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋಗೋ ದಾರಿಯಲ್ಲಿ ತೊಗರಿ ಹೊಲ ಕಾಣುತ್ತೆ, ಕಮಲಾಪುರದ ಕೆಂಪು ಬಾಳೆಹಣ್ಣು ಸಿಗುತ್ತೆ. ಸಮುದ್ರದ ಸುದ್ದಿಯೇ ಇಲ್ಲ. ಆದ್ರೂ ಐನೂರು ವರ್ಷದ ಹಿಂದೆ ಕಡಲ್ಗಳ್ಳತನದ ದೊಡ್ಡ ದೂರೊಂದು ಬಂದಿದ್ದು ಈ ಒಣ ನೆಲದ ದರ್ಬಾರಿಗೇ.

1347ರಲ್ಲಿ ಕಲಬುರಗಿಯಲ್ಲಿ ಶುರುವಾದ ಬಹಮನಿ ರಾಜ್ಯ ಆಮೇಲೆ ಬೀದರಿಗೆ ರಾಜಧಾನಿ ಬದಲಿಸಿತು. ಕೊಂಕಣದ ಅರಸರ ಹಡಗುಗಳು ವ್ಯಾಪಾರಿಗಳನ್ನೂ ಮೆಕ್ಕಾ ಯಾತ್ರಿಕರನ್ನೂ ದೋಚುತ್ತವೆ ಅಂತ ಮಂತ್ರಿ ಮಹಮೂದ್ ಗವಾನ್ ದಂಡೆತ್ತಿ ಹೋಗಿ 1472ರಲ್ಲಿ ಗೋವೆ ಗೆದ್ದ. 1481ರಲ್ಲಿ ಸುಲ್ತಾನನೇ ಗವಾನನ ತಲೆ ತೆಗೆಸಿದ. ಹಿಡಿತ ಸಡಿಲಾಯ್ತು. ಗೋವೆಯಲ್ಲಿದ್ದ ಬಹಮನಿ ಅಧಿಕಾರಿ ಬಹಾದ್ದೂರ್ ಗಿಲಾನಿ ದಾಭೋಳವನ್ನೂ ಹಿಡಿದು ಗುಜರಾತಿನ ಹಡಗುಗಳನ್ನು ದೋಚತೊಡಗಿದ. ಕಳ್ಳರನ್ನು ಅಡಗಿಸೋಕೆ ಗೆದ್ದ ಬಂದರೇ ಕಳ್ಳನ ಮನೆ ಆಯ್ತು ನೋಡ್ರಿ!

ಗುಜರಾತಿನ ಮಹಮೂದ್ ಬೇಗಡಾ ನೆಲದ ಮೇಲೆ ದಂಡು ಕಳಿಸಬೇಕಂದ್ರೆ ಬಹಮನಿ ಸೀಮೆ ದಾಟಬೇಕು. ಕೇಳದೆ ದಾಟಿದರೆ ಅದೇ ಯುದ್ಧ. ಹಾಗಾಗಿ ಬೀದರಿಗೆ ರಾಯಭಾರಿ ಕಳಿಸಿದ. ನಮ್ಮ ಆಫೀಸಿನ ಎಸ್ಕಲೇಷನ್ ಮೇಲ್ ಥರವೇ: ಇವನು ನಿಮ್ಮವನು, ಹಿಡಿಯೋ ಜವಾಬ್ದಾರಿಯೂ ನಿಮ್ಮದು.

ಬಹಮನಿ ಸುಲ್ತಾನ ಮಹಮೂದ್ ಶಾ ಆಗ ಹೆಸರಿಗಷ್ಟೇ ದೊರೆ. ಅರ್ಧ ಸ್ವತಂತ್ರರಾಗಿದ್ದ ಸರದಾರರ ಸೈನ್ಯ ಕೇಳಿ ಪಡೆದು ಹೊರಟ. ಜಮಖಂಡಿ, ಸಂಕೇಶ್ವರದ ಕೋಟೆಗಳಿಗೆ ಮುತ್ತಿಗೆ ಬಿತ್ತು. ಶರಣಾಗು, ಕ್ಷಮಿಸ್ತೀನಿ ಅಂತ ನಡುವೆ ಸಂಧಾನವೂ ನಡೆಯಿತು. ಗಿಲಾನಿ ಒಪ್ಪಲಿಲ್ಲ. 1494ರಲ್ಲಿ ಕಾಳಗದಲ್ಲಿ ಸತ್ತ. ಹಡಗುಗಳು ಗುಜರಾತಿಗೆ ವಾಪಸ್ ಹೋದವು.

ಇದೇ ಕಥೆ 1920ರ ದಶಕದ ಚೀನಾದಲ್ಲಿ ಬೇರೆ ಥರ ಮುಗಿಯಿತು. ಅಲ್ಲಿ ಕಳ್ಳರು ಟಿಕೆಟ್ ತಗೊಂಡು ಪ್ರಯಾಣಿಕರಂತೆ ಸ್ಟೀಮರ್ ಹತ್ತಿ, ನಡುಗಡಲಲ್ಲಿ ಹಡಗನ್ನು ವಶಕ್ಕೆ ತಗೊಂಡು ಹಾಂಗ್‌ಕಾಂಗ್ ಹತ್ತಿರದ ಬಯಾಸ್ ಕೊಲ್ಲಿಗೆ ಒಯ್ಯುತ್ತಿದ್ದರು. ಬ್ರಿಟಿಷರು ಕ್ಯಾಂಟನ್ ಸರ್ಕಾರಕ್ಕೆ ಹೇಳಿ ನೋಡಿದರು. ಫಲ ಕಾಣದೆ 1927ರಲ್ಲಿ ತಮ್ಮ ನೌಕಾಪಡೆಯನ್ನೇ ಇಳಿಸಿ ಹಳ್ಳಿಯ ಮನೆ, ದೋಣಿಗಳಿಗೆ ಬೆಂಕಿ ಇಟ್ಟರು. ಬೆಂಕಿಗೆ ಕಳ್ಳನ ಮನೆ ಯಾವುದು, ಬೆಸ್ತನ ಮನೆ ಯಾವುದು ಗೊತ್ತಾಗುತ್ತಾ? ಕಳ್ಳತನವಂತೂ ನಿಲ್ಲಲಿಲ್ಲ. 1935ರಲ್ಲಿ ಶಾಲೆ ಮಕ್ಕಳಿದ್ದ ತುಂಗ್‌ಚೌ ಹಡಗನ್ನೇ ಅಪಹರಿಸಿದರು.

ಬೇಗಡಾ ಬ್ರಿಟಿಷರಿಗಿಂತ ಸಾಧು ಅಂತಲ್ಲ. ಅವನ ಕೈಯಲ್ಲೂ ದಂಡಿತ್ತು. ಆದರೆ ಅವನ ಪತ್ರ ಓದಿದ ದೊರೆ ಎಷ್ಟೇ ಬಡವಾಗಿದ್ದರೂ, 'ಹೌದು, ಇವನು ನನ್ನವನು' ಅಂತ ಒಪ್ಪಿಕೊಂಡ. ಅಷ್ಟಕ್ಕೇ ಎರಡು ರಾಜ್ಯಗಳ ನಡುವಿನ ಒಂದು ಯುದ್ಧ ತಪ್ಪಿತು.