ವಸಡಿನಡಿಯ ಹಲ್ಲು ಶುದ್ಧೀಕರಣದ ಇತಿಹಾಸ

ವಸಡಿನಡಿಯ ಹಲ್ಲು ಶುದ್ಧೀಕರಣವೆಂದರೆ ವಸಡಿನ ಅಂಚಿಗಿಂತ ಕೆಳಗೆ ಹಲ್ಲಿನ ಬೇರಿಗೆ ಅಂಟಿದ ಪಾಚಿಯನ್ನೂ ಗಾರೆಯನ್ನೂ ಸಲಕರಣೆಗಳಿಂದ ಕೆರೆದು ತೆಗೆದು, ಉರಿಯೂತಕ್ಕೆ ಒಳಗಾದ ವಸಡು ಮಾಯಲು ಅನುವು ಮಾಡಿಕೊಡುವ ಚಿಕಿತ್ಸೆ. ದಂತವೈದ್ಯರು ಇದನ್ನು ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್ ಎನ್ನುತ್ತಾರೆ. ರೋಗಿಗಳಿಗೆ ಇದು ‘ಡೀಪ್ ಕ್ಲೀನಿಂಗ್’. ಹಲ್ಲಿನ ಹೊರಗೆ ಕಾಣುವ ಭಾಗವನ್ನಷ್ಟೇ ಸ್ವಚ್ಛಗೊಳಿಸುವ ಮಾಮೂಲಿ ಕ್ಲೀನಿಂಗ್‌ಗಿಂತ ಇದು ಬೇರೆ. ಸಾಮಾನ್ಯವಾಗಿ ಸ್ಥಳೀಯ ಅರಿವಳಿಕೆ ಕೊಟ್ಟು, ಕಣ್ಣಿಗೆ ಕಾಣದ ಜಾಗದಲ್ಲಿ, ಬೆರಳ ತುದಿಗೆ ಸಿಗುವ ಸ್ಪರ್ಶವನ್ನು ನಂಬಿ ಮಾಡಬೇಕಾದ ಕೆಲಸ. ಕೆರೆಯುವ ಕೈಕೆಲಸ ಸಾವಿರ ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ಏಕೆ ಕೆರೆಯಬೇಕು, ಎಷ್ಟು ಕೆರೆಯಬೇಕು ಎಂಬ ತಿಳಿವಳಿಕೆ ಮಾತ್ರ ಹಲವು ಬಾರಿ ಬದಲಾಗಿದೆ. ಈ ಚಿಕಿತ್ಸೆಯ ಇತಿಹಾಸವೆಂದರೆ ಮುಖ್ಯವಾಗಿ ಆ ತಿಳಿವಳಿಕೆಯ ಇತಿಹಾಸ.

ಹಲ್ಲಿನ ಮೇಲೆ ಸದಾ ಕಟ್ಟುತ್ತಲೇ ಇರುವ ಮೆತ್ತನೆಯ ಪಾಚಿ ಬ್ಯಾಕ್ಟೀರಿಯಾಗಳ ಜೀವಂತ ಪದರ. ಅದನ್ನು ದಿನವೂ ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅದರೊಳಗೆ ಇಳಿದು, ಗಡಸು ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟುವಂತೆ, ಗಟ್ಟಿಯಾದ ಗಾರೆಯಾಗುತ್ತದೆ. ವಸಡಿನ ಮೇಲಿನ ಗಾರೆ ಹಳದಿ ಛಾಯೆಯದು. ವಸಡಿನಡಿಯದು ಕಪ್ಪಾಗಿ, ಇನ್ನೂ ಗಟ್ಟಿಯಾಗಿ, ಬೇರಿಗೆ ಕಚ್ಚಿಕೊಂಡಿರುತ್ತದೆ. ಆರೋಗ್ಯವಂತ ವಸಡು ಮತ್ತು ಹಲ್ಲಿನ ನಡುವಿನ ಸಂದಿಗೆ 1ರಿಂದ 3 ಮಿಲಿಮೀಟರ್ ಆಳ. ಉರಿಯೂತ ಮುಂದುವರಿದು ಹಲ್ಲನ್ನು ಹಿಡಿದಿಟ್ಟ ನಾರುಗಳೂ ದವಡೆಯ ಮೂಳೆಯೂ ಸವೆಯತೊಡಗಿದಾಗ ಈ ಸಂದಿ ಆಳವಾಗಿ ‘ಪಾಕೆಟ್’ ಆಗುತ್ತದೆ. ಮೂಳೆ ಉಳಿದಿರುವ ಮೊದಲ ಹಂತ ಜಿಂಜಿವೈಟಿಸ್, ಅದು ಪೂರ್ತಿ ಗುಣವಾಗುತ್ತದೆ. ಮೂಳೆ ಕರಗಿದ ಹಂತ ಪೆರಿಯೊಡಾಂಟೈಟಿಸ್. ಅಲ್ಲಿ ರೋಗವನ್ನು ತಡೆದು ನಿಲ್ಲಿಸಬಹುದು, ಕಳೆದುಹೋದ ಮೂಳೆ ಬಹುಪಾಲು ಹಿಂದಿರುಗದು.

ಈ ಚಿಕಿತ್ಸೆಯ ಅತ್ಯಂತ ಹಳೆಯ ಸ್ಪಷ್ಟ ವಿವರಣೆಗಳಲ್ಲಿ ಒಂದು ಸಂಸ್ಕೃತದ ಆಯುರ್ವೇದ ಗ್ರಂಥ ಸುಶ್ರುತಸಂಹಿತೆಯಲ್ಲಿದೆ. ಬಾಯಿಯ 65 ರೋಗಗಳನ್ನು ಎಣಿಸುವ ಈ ಗ್ರಂಥ ಅವುಗಳಲ್ಲಿ 15ನ್ನು ದಂತಮೂಲಕ್ಕೆ, ಅಂದರೆ ವಸಡಿಗೆ, ಸೇರಿಸುತ್ತದೆ. ರಕ್ತ ಒಸರುವ ಶೀತಾದ, ಕೀವು ಸುರಿದು ಹಲ್ಲು ಅಲುಗಾಡುವ ದಂತವೇಷ್ಟ ಇವೆರಡರ ಲಕ್ಷಣಗಳನ್ನು ಇಂದಿನ ದಂತವೈದ್ಯರು ಓದಿದರೂ ತಮ್ಮ ರೋಗಿಗಳನ್ನು ಗುರುತಿಸಬಲ್ಲರು. ದಂತಶರ್ಕರೆ ಎಂದು ಕರೆದ ಗಾರೆಯನ್ನು ಹೇಗೆ ತೆಗೆಯಬೇಕೆಂಬ ಸೂಚನೆಯಲ್ಲಿ ಒಂದು ಷರತ್ತಿದೆ: ಹಲ್ಲಿನ ಬುಡಕ್ಕೆ ಪೆಟ್ಟಾಗಬಾರದು. ತೆಗೆದ ಮೇಲೆ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಉಜ್ಜಬೇಕು. ಗ್ರಂಥ ಪಟ್ಟಿ ಮಾಡುವ 20 ಶಸ್ತ್ರಗಳಲ್ಲಿ ಗಾರೆ ಕೆರೆಯುವ ದಂತಶಂಕುವೂ ಒಂದು. ಬುಡಕ್ಕೆ ಪೆಟ್ಟಾಗದಂತೆ ಎಂಬ ಆ ಎಚ್ಚರಿಕೆಯನ್ನು ಯುರೋಪ್ ಮತ್ತು ಅಮೆರಿಕದ ದಂತವೈದ್ಯರು ಪ್ರಯೋಗಗಳ ಮೂಲಕ ಮತ್ತೆ ಕಲಿತದ್ದು 20ನೆಯ ಶತಮಾನದ ಕೊನೆಗೆ.

ಕೆರೆಯುವ ಸಲಕರಣೆಗಳ ಚಿತ್ರಗಳನ್ನು ಬಿಟ್ಟುಹೋದ ಕೀರ್ತಿ ಸ್ಪೇನಿನ ಕೊರ್ಡೊಬಾದ ಅರಬ್ ಶಸ್ತ್ರವೈದ್ಯ ಅಲ್-ಜಹ್ರಾವಿಯದು (ಸು. 936–1013). 30 ಭಾಗಗಳ ತನ್ನ ‘ಕಿತಾಬ್ ಅಲ್-ತಸ್ರೀಫ್’ ಗ್ರಂಥದ ಕೊನೆಯ ಭಾಗದಲ್ಲಿ ಆತ 14 ಕೆರೆಗತ್ತಿಗಳ ಆಕಾರಗಳನ್ನು ಬರೆದು ತೋರಿಸಿದ್ದಾನೆ. ಹಲ್ಲಿನ ಒಳಬದಿಗೊಂದು, ಹೊರಬದಿಗೊಂದು, ಎರಡು ಹಲ್ಲುಗಳ ನಡುವಿಗೊಂದು ಬೇರೆ ಬೇರೆ ಆಕಾರ ಬೇಕು ಎಂಬುದು ಆತನಿಗೆ ಗೊತ್ತಿತ್ತು. ರೋಗಿಯ ತಲೆಯನ್ನು ವೈದ್ಯ ತನ್ನ ಮಡಿಲಲ್ಲಿರಿಸಿಕೊಂಡು, ಗಾರೆಯ ಕಣವೂ ಉಳಿಯದಂತೆ ಕೆರೆಯಬೇಕು. ಒಂದೇ ಸಲಕ್ಕೆ ಮುಗಿಯದಿದ್ದರೆ ಮರುದಿನ, ಅದರ ಮರುದಿನ ಮುಂದುವರಿಸಬೇಕು. ಗಾರೆಗೂ ವಸಡು ಕೆಡುವುದಕ್ಕೂ ಇರುವ ಸಂಬಂಧವನ್ನು ಇಷ್ಟು ನೇರವಾಗಿ ಹೇಳಿದವರು ಆತನಿಗಿಂತ ಮೊದಲು ವಿರಳ. 12ನೆಯ ಶತಮಾನದಲ್ಲಿ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಭಾಗವನ್ನು ಲ್ಯಾಟಿನ್‌ಗೆ ತಂದ ಮೇಲೆ ಅದು ಯುರೋಪಿನ ಶಸ್ತ್ರವೈದ್ಯರ ಕೈಪಿಡಿಯಾಯಿತು.

ಪ್ಯಾರಿಸ್ಸಿನ ಪಿಯೆರ್ ಫೋಶಾರ್ (1678–1761) 1728ರಲ್ಲಿ ಪ್ರಕಟಿಸಿದ ‘ಲ ಶಿರೂರ್ಜಿಯೆನ್ ದಾಂತಿಸ್ತ್’ ಆಧುನಿಕ ದಂತವೈದ್ಯಕ್ಕೆ ಬುನಾದಿ ಹಾಕಿದ ಕೃತಿ. ಗಿಳಿಯ ಕೊಕ್ಕಿನಂಥದ್ದು, ಕೊಕ್ಕೆಯಂಥದ್ದು ಹೀಗೆ ಐದು ಬಗೆಯ ಕೆರೆಗತ್ತಿಗಳನ್ನು ಆತ ವಿವರಿಸಿದ. ಹಲ್ಲು ಹುಳು ತಿಂದು ಹಾಳಾಗುತ್ತದೆ ಎಂಬ ಶತಮಾನಗಳ ನಂಬಿಕೆಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿ ನೋಡಿ, ಹುಳು ಕಾಣಲಿಲ್ಲವೆಂದು ತಳ್ಳಿಹಾಕಿದ. ಆದರೆ ಆ ಹೊತ್ತಿಗಾಗಲೇ ಹುಳುವಿಗಿಂತ ಎಷ್ಟೋ ಸಣ್ಣ ಜೀವಿಗಳು ಹಲ್ಲಿನ ಮೇಲೆ ಕಂಡಿದ್ದವು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್ 1683ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು, ದಿನವೂ ಉಪ್ಪಿನಿಂದ ಉಜ್ಜುವ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯಲ್ಲೇ ಓಡಾಡುವ ಸೂಕ್ಷ್ಮಜೀವಿಗಳನ್ನು ವರ್ಣಿಸಿದ್ದ. ಆ ಜೀವಿಗಳಿಗೂ ವಸಡಿನ ರೋಗಕ್ಕೂ ಇರುವ ನಂಟನ್ನು ಪ್ರಯೋಗದಿಂದ ಖಚಿತಪಡಿಸಲು ಇನ್ನೂ ಸುಮಾರು ಮುನ್ನೂರು ವರ್ಷ ಬೇಕಾಯಿತು. ಕೈಗೆ ಗಟ್ಟಿಯಾಗಿ ತಾಗುವ ಗಾರೆಯೇ ಅಪರಾಧಿ ಎಂದು ಬಹುತೇಕರು ನಂಬಿದ್ದರು.

19ನೆಯ ಶತಮಾನದಲ್ಲಿ ಕೀವು ಸುರಿಯುವ ವಸಡಿಗೆ ಇದ್ದ ಸಾಮಾನ್ಯ ಉತ್ತರಗಳು ಎರಡೇ: ವಸಡನ್ನು ಕತ್ತರಿಸುವುದು, ಇಲ್ಲವೇ ಹಲ್ಲನ್ನು ಕೀಳುವುದು. ಇದಕ್ಕೆ ಎದುರು ನಿಂತವರು ಅಮೆರಿಕದ ಕನೆಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಜಾನ್ ಮ್ಯಾಂಕಿ ರಿಗ್ಸ್ (1811–1885). 1844ರ ಡಿಸೆಂಬರ್ 11ರಂದು ನೈಟ್ರಸ್ ಆಕ್ಸೈಡ್ ಸೇವಿಸಿ ಕುಳಿತಿದ್ದ ದಂತವೈದ್ಯ ಹೊರೇಸ್ ವೆಲ್ಸ್‌ನ ಹಲ್ಲನ್ನು ನೋವಿಲ್ಲದೆ ಕಿತ್ತು, ಅರಿವಳಿಕೆಯ ಇತಿಹಾಸದಲ್ಲಿ ಆಗಲೇ ಸ್ಥಾನ ಪಡೆದಿದ್ದವರು ಇವರೇ. ವೃತ್ತಿಜೀವನದ ಉದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು: ವಸಡಿನಡಿಗೆ ಸಲಕರಣೆ ಇಳಿಸಿ ಬೇರನ್ನು ಸಂಪೂರ್ಣ ಶುಚಿ ಮಾಡಿದರೆ ಅಲುಗಾಡುವ ಹಲ್ಲೂ ನಿಲ್ಲುತ್ತದೆ. 1870ರ ದಶಕದಲ್ಲಿ ಸಹವೃತ್ತಿಗಳ ಸಭೆಗಳಲ್ಲಿ ಇದನ್ನು ಮಂಡಿಸಿ, ಪ್ರಾತ್ಯಕ್ಷಿಕೆಯನ್ನೂ ಕೊಟ್ಟರು. ಪೆರಿಯೊಡಾಂಟೈಟಿಸ್‌ಗೆ ಅಮೆರಿಕದಲ್ಲಿ ದೀರ್ಘಕಾಲ ‘ರಿಗ್ಸ್ ರೋಗ’ ಎಂದೇ ಹೆಸರಿತ್ತು. ಹಾರ್ಟ್‌ಫರ್ಡ್‌ನಲ್ಲೇ ನೆಲೆಸಿದ್ದ ಲೇಖಕ ಮಾರ್ಕ್ ಟ್ವೇನ್, ರಿಗ್ಸ್ ಅವರ ಕುರ್ಚಿಯಲ್ಲಿ ಕುಳಿತ ರೋಗಿಗಳಲ್ಲಿ ಒಬ್ಬ. ವಸಡಿನ ಚಿಕಿತ್ಸೆಯನ್ನೇ ಮುಖ್ಯ ವೃತ್ತಿಯಾಗಿಸಿಕೊಂಡ ಮೊದಲಿಗರಲ್ಲಿ ರಿಗ್ಸ್ ಒಬ್ಬರು. ಅವರ ಪ್ರಭಾವ ಅರ್ಧ ಶತಮಾನ ನಿರಾತಂಕವಾಗಿ ಮುಂದುವರಿದಿದ್ದರೆ ಲಕ್ಷಾಂತರ ಹಲ್ಲುಗಳು ಉಳಿಯುತ್ತಿದ್ದವು.

ಹಾಗಾಗಲಿಲ್ಲ. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣವೊಂದು ಬಾಯಿಯ ಸೋಂಕೇ ದೇಹದ ಅನೇಕ ದೀರ್ಘಕಾಲಿಕ ಕಾಯಿಲೆಗಳ ಮೂಲ ಎಂಬ ವಾದಕ್ಕೆ ಬಲ ತಂದಿತು. ‘ಫೋಕಲ್ ಇನ್‌ಫೆಕ್ಷನ್’ ಸಿದ್ಧಾಂತದ ಹೆಸರಿನಲ್ಲಿ ಕೀಲುನೋವಿಗೂ ರಕ್ತಹೀನತೆಗೂ ಹಲ್ಲು ಕೀಳುವುದು ರೂಢಿಯಾಯಿತು. ಉಳಿಸಬಹುದಾಗಿದ್ದ ಹಲ್ಲುಗಳನ್ನು ಎರಡು ಮೂರು ದಶಕಗಳ ಕಾಲ ಸಾಲುಸಾಲಾಗಿ ಕಿತ್ತದ್ದು ದಂತವೈದ್ಯದ ಚರಿತ್ರೆಯ ದುಃಖದ ಅಧ್ಯಾಯ. ಕೀವು ಸುರಿಯುವ ವಸಡಿನ ರೋಗಕ್ಕೆ ‘ಪಯೋರಿಯಾ’ ಎಂಬ ಪದ ಮನೆಮನೆಗೂ ಮುಟ್ಟಿದ್ದು ಆ ಕಾಲದಲ್ಲೇ. ಕನ್ನಡದ ಹಲ್ಲುಪುಡಿಯ ಜಾಹೀರಾತುಗಳಲ್ಲಿ ಅದು ಈಗಲೂ ಉಳಿದಿದೆ.

ಕೀಳುವವರ ಅಬ್ಬರದ ನಡುವೆಯೇ ಕೆರೆಯುವವರ ಪರಂಪರೆ ಬೇರೆ ದಾರಿ ಹಿಡಿಯಿತು, ಅದರಲ್ಲಿ ಮಹಿಳೆಯರ ಪಾತ್ರ ದೊಡ್ಡದು. ಕನೆಟಿಕಟ್‌ನದೇ ಬ್ರಿಜ್‌ಪೋರ್ಟ್ ಊರಿನ ಆಲ್‌ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿಗೊಳಿಸುವ ತರಬೇತಿ ಕೊಟ್ಟರು. 1913ರಲ್ಲಿ ಇಂಥ ಸಹಾಯಕಿಯರಿಗಾಗಿ ಶಾಲೆ ತೆರೆದರು; ಅಲ್ಲಿ ಕಲಿತವರು ಊರಿನ ಶಾಲಾಮಕ್ಕಳ ಬಾಯಿಯ ಆರೈಕೆಗೆ ಇಳಿದರು. 1917ರಲ್ಲಿ ನ್ಯೂಮನ್ ಜಗತ್ತಿನ ಮೊದಲ ಪರವಾನಗಿ ಪಡೆದ ಡೆಂಟಲ್ ಹೈಜಿನಿಸ್ಟ್ ಆದರು. 1914ರಲ್ಲಿ ಗಿಲೆಟ್ ಹೇಡನ್ ಮತ್ತು ಗ್ರೇಸ್ ರೋಜರ್ಸ್ ಸ್ಪಾಲ್ಡಿಂಗ್ ಎಂಬ ಇಬ್ಬರು ದಂತವೈದ್ಯೆಯರು ಕಟ್ಟಿದ ಸಂಘವೇ ಇಂದಿನ ಅಮೆರಿಕನ್ ಅಕಾಡೆಮಿ ಆಫ್ ಪೆರಿಯೊಡಾಂಟಾಲಜಿ.

ಕೈಸಲಕರಣೆಗಳಲ್ಲಿ ನಿರ್ಣಾಯಕ ಸುಧಾರಣೆ ತಂದವರು ಮಿಶಿಗನ್‌ನ ಕ್ಲೇಟನ್ ಗ್ರೇಸಿ. ವಸಡನ್ನು ಗಾಯಗೊಳಿಸದೆ ಆಳದ ಪಾಕೆಟ್ಟಿನ ತಳ ಮುಟ್ಟಬೇಕೆಂಬ ಹಂಬಲದಿಂದ 1930ರ ದಶಕದ ಕೊನೆಯ ವೇಳೆಗೆ ಶಿಕಾಗೋದ ಸಲಕರಣೆ ತಯಾರಕ ಹ್ಯೂಗೊ ಫ್ರೀಡ್‌ಮನ್ ಜೊತೆಗೂಡಿ ಅವರು ರೂಪಿಸಿದ ಕ್ಯುರೆಟ್ ಎಂಬ 14 ಕೆರೆಗತ್ತಿಗಳ ಗುಚ್ಛದಲ್ಲಿ ಒಂದೊಂದೂ ಬಾಯಿಯ ನಿರ್ದಿಷ್ಟ ಹಲ್ಲಿನ ನಿರ್ದಿಷ್ಟ ಮುಖಕ್ಕೆ ಮೀಸಲು. ಅಲಗಿನ ಒಂದು ಅಂಚಿಗೆ ಮಾತ್ರ ಹರಿತ. ಬೇರಿನ ಕಡೆಗೆ ಹರಿತ, ವಸಡಿನ ಕಡೆಗೆ ದುಂಡು. ಇಂದಿಗೂ ದಂತವೈದ್ಯಕೀಯ ವಿದ್ಯಾರ್ಥಿಗಳು 11–12, 13–14 ಎಂದು ಸಂಖ್ಯೆ ಹೇಳಿಯೇ ಇವುಗಳನ್ನು ಕೈಗೆತ್ತಿಕೊಳ್ಳುತ್ತಾರೆ. ಸುಮಾರು ಇಪ್ಪತ್ತು ವರ್ಷಗಳ ನಂತರ ಬಂದ ಅಲ್ಟ್ರಾಸಾನಿಕ್ ಸ್ಕೇಲರ್‌ನ ಹುಟ್ಟು ಮಾತ್ರ ಬೇರೆ ಉದ್ದೇಶದಿಂದ. 1950ರ ದಶಕದ ಆರಂಭದಲ್ಲಿ ಅದನ್ನು ಹುಳುಕು ಹಲ್ಲು ಕೊರೆಯಲೆಂದು ಪ್ರಯೋಗಿಸಿದರು. 1957ರಲ್ಲಿ ಅತಿವೇಗದ ಗಾಳಿ ಟರ್ಬೈನ್ ಬಂದು ಆ ಕೆಲಸವನ್ನು ಕಿತ್ತುಕೊಂಡಿತು. ಆದರೆ 1955ರ ವೇಳೆಗೇ, ಕೊರೆಯಲು ಜೊತೆಗೆ ಹಾಕುತ್ತಿದ್ದ ಉಜ್ಜುಪುಡಿಯಿಲ್ಲದೆ ಬಳಸಿದರೆ ಈ ಕಂಪಿಸುವ ತುದಿ ಗಾರೆಯನ್ನು ಸಿಡಿಸಿ ಬಿಡಿಸುತ್ತದೆ ಎಂಬುದು ಗೊತ್ತಾಗಿತ್ತು. ಸೆಕೆಂಡಿಗೆ 25,000ಕ್ಕೂ ಹೆಚ್ಚು ಬಾರಿ ಕಂಪಿಸುವ ತುದಿಯನ್ನು ನೀರು ತಂಪಾಗಿಡುತ್ತದೆ, ಪಾಕೆಟ್ಟನ್ನು ತೊಳೆಯುತ್ತದೆ.

ಗಾರೆಯ ಮೇಲಿದ್ದ ಅಪರಾಧ ಪಾಚಿಯ ಮೇಲೆ ಹೊರಳಿದ್ದು 1965ರಲ್ಲಿ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ 12 ಮಂದಿಗೆ, ಬಹುಪಾಲು ವಿದ್ಯಾರ್ಥಿಗಳಿಗೆ, ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಇಳಿಯಿತು. ಇಷ್ಟು ಸರಳ ಪ್ರಯೋಗ ಇಷ್ಟು ದೊಡ್ಡ ಪ್ರಶ್ನೆಯನ್ನು ಬಗೆಹರಿಸಿದ ಉದಾಹರಣೆ ವೈದ್ಯಕೀಯದಲ್ಲಿ ಹೆಚ್ಚಿಲ್ಲ. ಗಾರೆ ಸ್ವತಃ ವಿಷವಲ್ಲ, ಅದರ ಒರಟು ಮೈ ಜೀವಂತ ಪಾಚಿಗೆ ನೆಲೆ ಕೊಡುತ್ತದೆ, ಅದಕ್ಕಾಗಿ ತೆಗೆಯಬೇಕು ಎಂಬ ಅರಿವು ಮೂಡಿತು. ಲೋ ಅವರೇ 1970ರಿಂದ 15 ವರ್ಷ ಶ್ರೀಲಂಕಾದ 480 ಮಂದಿ ಚಹಾತೋಟದ ಕಾರ್ಮಿಕರ ಬಾಯಿಯನ್ನು ಗಮನಿಸುತ್ತ ಬಂದರು. ದಂತಚಿಕಿತ್ಸೆಯ ಸೌಲಭ್ಯವೇ ಇಲ್ಲದ ಅವರೆಲ್ಲರಲ್ಲೂ ಪಾಚಿ, ಗಾರೆ, ವಸಡಿನ ಊತ ಇದ್ದವು, ಆದರೆ ಶೇ. 8 ಜನರಲ್ಲಿ ರೋಗ ವೇಗವಾಗಿ ಬೆಳೆಯಿತು, ಶೇ. 81 ಮಂದಿಯಲ್ಲಿ ಮಂದಗತಿಯಲ್ಲಿ, ಶೇ. 11 ಮಂದಿಯಲ್ಲಿ ಬೆಳೆಯಲೇ ಇಲ್ಲ. ದೇಹದ ಪ್ರತಿಕ್ರಿಯೆಯೂ ರೋಗವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇಂದಿಗೂ ಉಲ್ಲೇಖವಾಗುವ ಈ ಅಧ್ಯಯನದ ಹಿಂದೆ, ಚಿಕಿತ್ಸೆ ಸಿಗದೆ ಹಲ್ಲು ಕಳೆದುಕೊಂಡ ಬಡ ಕೂಲಿಗಳಿದ್ದಾರೆ ಎಂಬುದನ್ನೂ ನೆನಪಿಡಬೇಕು.

ಎಷ್ಟು ಕೆರೆಯಬೇಕು ಎಂಬ ಪ್ರಶ್ನೆ ಉಳಿಯಿತು. ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷ ಬೇರಿನ ಹೊರಪದರವಾದ ಸಿಮೆಂಟಮ್‌ನೊಳಗೆ ಇಳಿದಿರುತ್ತದೆ, ಆ ಪದರವನ್ನೇ ಹೆರೆದು ಬೇರನ್ನು ಗಾಜಿನಷ್ಟು ನುಣುಪಾಗಿಸಬೇಕು ಎಂದು 1970ರ ದಶಕದಲ್ಲಿ ಕಲಿಸುತ್ತಿದ್ದರು. ರೂಟ್ ಪ್ಲೇನಿಂಗ್ ಎಂಬುದರ ಅರ್ಥ ಆಗ ಇದೇ ಆಗಿತ್ತು. 1986ರಲ್ಲಿ ಮೂರ್, ವಿಲ್ಸನ್ ಮತ್ತು ಕೀಸರ್ ಎಂಬ ಸಂಶೋಧಕರು, ಕಿತ್ತ ಹಲ್ಲುಗಳನ್ನು ನೀರಿನಲ್ಲಿ ತೊಳೆದು ಬ್ರಷ್ಷಿನಿಂದ ಉಜ್ಜಿದರೆ ಸಾಕು, ಎಂಡೋಟಾಕ್ಸಿನ್‌ನ ಶೇ. 99ರಷ್ಟು ಹೋಗುತ್ತದೆ ಎಂದು ತೋರಿಸಿದರು. ಸಿಮೆಂಟಮ್ ಉಳಿಸಿದರೂ ಹೆರೆದರೂ ಗಾಯ ಒಂದೇ ರೀತಿ ಮಾಯುತ್ತದೆ ಎಂದು ಸ್ವೀಡನ್ನಿನ ಸ್ಟೂರೆ ನೀಮನ್ ತಂಡ ಕಂಡಿತು. ಅತಿಯಾಗಿ ಹೆರೆದ ಬೇರು ತಣ್ಣೀರಿಗೂ ಜುಮ್ಮೆನ್ನುತ್ತದೆ ಎಂಬುದು ರೋಗಿಗಳಿಗೆ ಮೊದಲೇ ಗೊತ್ತಿತ್ತು. 2020ರ ಯುರೋಪಿಯನ್ ಮಾರ್ಗಸೂಚಿ ಈ ಹಂತವನ್ನು ‘ವಸಡಿನಡಿಯ ಉಪಕರಣ ಚಿಕಿತ್ಸೆ’ ಎಂಬರ್ಥದಲ್ಲಿ ಕರೆಯುತ್ತದೆ. ಪಾಚಿ ಮತ್ತು ಗಾರೆ ಹೋಗಬೇಕು, ಬೇರು ಉಳಿಯಬೇಕು.

ಇದೇ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯ ಜೊತೆಗಿನ ಹಳೆಯ ಪೈಪೋಟಿಗೂ ಉತ್ತರ ಸಿಕ್ಕಿತು. ಸ್ವೀಡನ್ನಿನ ಮಾಲ್ಮೊದಲ್ಲಿ ಬಾಡರ್‌ಸ್ಟೆನ್, ನಿಲ್‌ವೇಯಸ್ ಮತ್ತು ಈಗೆಲ್‌ಬರ್ಗ್ 1981 ಮತ್ತು 1984ರಲ್ಲಿ ಪ್ರಕಟಿಸಿದ ಅಧ್ಯಯನಗಳು ಆಳವಾದ ಪಾಕೆಟ್‌ಗಳೂ ಕೊಯ್ಯದೆಯೇ ಚೇತರಿಸಿಕೊಳ್ಳಬಲ್ಲವು, ಕೈಸಲಕರಣೆಗೂ ಅಲ್ಟ್ರಾಸಾನಿಕ್‌ಗೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿದವು. ಗೋಥೆನ್‌ಬರ್ಗ್‌ನ ಯಾನ್ ಲಿಂಡೆ ಮತ್ತು ಸಂಗಡಿಗರು 1982ರಲ್ಲಿ ಒಂದು ಗಡಿರೇಖೆಯನ್ನೂ ಲೆಕ್ಕಹಾಕಿದರು: ಸಂದಿಯ ಆಳ 2.9 ಮಿಲಿಮೀಟರ್‌ಗಿಂತ ಕಡಿಮೆಯಿರುವಲ್ಲಿ ಕೆರೆದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಅನಗತ್ಯ ಡೀಪ್ ಕ್ಲೀನಿಂಗ್‌ನಿಂದ ರೋಗಿಯನ್ನು ಕಾಪಾಡುವ ಸಂಖ್ಯೆ ಇದು. ಅದಕ್ಕಾಗಿಯೇ ಚಿಕಿತ್ಸೆಗೆ ಮುನ್ನ ಪ್ರತಿ ಹಲ್ಲಿನ ಸುತ್ತ ಅಳತೆಕಡ್ಡಿ ಇಳಿಸಿ ಆಳ ಬರೆದುಕೊಳ್ಳುವುದು ಕಡ್ಡಾಯವಾಗಬೇಕಾದ ಕ್ರಮ.

ಬೆಲ್ಜಿಯಂನ ಲ್ಯೂವೆನ್‌ನಲ್ಲಿ 1995ರಲ್ಲಿ ಮೊದಲುಗೊಂಡ, 24 ಗಂಟೆಗಳೊಳಗೆ ಇಡೀ ಬಾಯಿಯನ್ನು ಶುಚಿ ಮಾಡುವ ವಿಧಾನ, ಆಮೇಲೆ ಬಂದ ಲೇಸರ್, ಗ್ಲೈಸಿನ್ ಪುಡಿ ಎರಚುವ ಯಂತ್ರ ಇವು ಸಾಂಪ್ರದಾಯಿಕ ವಿಧಾನವನ್ನು ಹಿಂದಿಕ್ಕಿಲ್ಲ. ದೇಹದ ಉಳಿದ ಕಾಯಿಲೆಗಳೊಂದಿಗಿನ ನಂಟಿನಲ್ಲಿ ಮಧುಮೇಹದ ಸಾಕ್ಷ್ಯ ಗಟ್ಟಿಯಾದುದು. ಮಧುಮೇಹಿಗಳಲ್ಲಿ ಚಿಕಿತ್ಸೆಯ ನಂತರ ಮೂರು ನಾಲ್ಕು ತಿಂಗಳಿಗೆ, ರಕ್ತದ ಸಕ್ಕರೆಯ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ವಿಮರ್ಶೆ ಹೇಳಿತು. ಗರ್ಭಿಣಿಯರಲ್ಲಿ ಇದು ಸುರಕ್ಷಿತವೆಂದೂ ಆದರೆ ಅವಧಿಪೂರ್ವ ಹೆರಿಗೆಯನ್ನು ತಪ್ಪಿಸುವುದಿಲ್ಲವೆಂದೂ 2006ರ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತ್ತು.

ಭಾರತದಲ್ಲಿ ಆಧುನಿಕ ದಂತವೈದ್ಯ ಶಿಕ್ಷಣ ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದ ಕಾಲೇಜಿನಿಂದ ಆರಂಭವಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಶುರುವಾದವು. 1948ರ ದಂತವೈದ್ಯರ ಕಾಯ್ದೆಯಲ್ಲೇ ಡೆಂಟಲ್ ಹೈಜಿನಿಸ್ಟರ ನೋಂದಣಿಗೆ ಅವಕಾಶವಿದ್ದರೂ ಅಂಥವರು ವಿರಳ. ಈ ಕೆಲಸ ಬಹುಮಟ್ಟಿಗೆ ದಂತವೈದ್ಯರ ಕೈಯಲ್ಲೇ ಉಳಿದಿದೆ. ಬೇವಿನಕಡ್ಡಿ, ಉಪ್ಪು, ಉಮಿಕರಿ, ಬ್ರಷ್ ಯಾವುದೂ ಆಳದ ಪಾಕೆಟ್ಟಿಗೆ ಇಳಿಯಲಾರವು. ಹೊಗೆಸೊಪ್ಪಂತೂ ವಸಡಿನ ರಕ್ತಸ್ರಾವವನ್ನು ಮರೆಮಾಚಿ ರೋಗವನ್ನು ಒಳಗೊಳಗೇ ಬೆಳೆಸುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಎಂಬ ಹೆದರಿಕೆ ಹಳ್ಳಿ, ಪಟ್ಟಣ ಎರಡರಲ್ಲೂ ಇದೆ. ಅದಕ್ಕೆ ಕಾರಣವೂ ಇದೆ. ಮೂಳೆ ಕರಗಿದ ಹಲ್ಲುಗಳನ್ನು ಗಾರೆಯ ಕಟ್ಟು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ, ಊತ ಇಳಿದು ವಸಡು ಕುಗ್ಗಿದಾಗ, ರೋಗ ಆಗಲೇ ಮಾಡಿದ್ದ ಹಾನಿ ಕಣ್ಣಿಗೆ ಬೀಳುತ್ತದೆ. ಇದನ್ನು ಮೊದಲೇ ವಿವರಿಸಿ ಹೇಳದ ವೈದ್ಯರಿಂದಲೇ ಈ ಹೆದರಿಕೆ ಬಲಗೊಂಡಿದೆ.

ಚಿಕಿತ್ಸೆ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಸುಮಾರು 6ರಿಂದ 12 ವಾರಗಳ ನಂತರ ಪಾಕೆಟ್ಟುಗಳನ್ನು ಮತ್ತೆ ಅಳೆಯಬೇಕು. ರಕ್ತ ಬರುವ 4–5 ಮಿಲಿಮೀಟರ್ ಪಾಕೆಟ್ ಉಳಿದಿದ್ದರೆ ಮತ್ತೊಮ್ಮೆ ಶುಚಿ ಮಾಡಬೇಕು, 6 ಮಿಲಿಮೀಟರ್ ಮತ್ತು ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕು. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ಪೆರ್ ಆಕ್ಸೆಲ್ಸನ್ ಮತ್ತು ಲಿಂಡೆ 1970ರ ದಶಕದ ಆರಂಭದಲ್ಲಿ ಕೈಗೆತ್ತಿಕೊಂಡ ಕಾರ್ಯಕ್ರಮದಲ್ಲಿ ಜನರನ್ನು ನಿಯಮಿತವಾಗಿ ಕರೆಸಿ, ಹಲ್ಲುಜ್ಜುವುದನ್ನು ಕಲಿಸಿ, ಶುಚಿ ಮಾಡಿ ಕಳಿಸುತ್ತಿದ್ದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 30 ವರ್ಷ ಈ ಆರೈಕೆಯಲ್ಲಿದ್ದವರು ಸರಾಸರಿ ಕಳೆದುಕೊಂಡದ್ದು, ವಯಸ್ಸಿನ ಗುಂಪಿಗೆ ತಕ್ಕಂತೆ, 0.4ರಿಂದ 1.8 ಹಲ್ಲು ಮಾತ್ರ.