ಕೋಳಿಯ ಬಣ್ಣ ಮತ್ತು ತಳಿಯ ಶುದ್ಧತೆ

ಸುರಪುರದ ಹಿತ್ತಿಲುಗಳಲ್ಲಿ ಕೆದಕಿ ಮೇಯುವ ಜವಾರಿ ಕೋಳಿಗಳಲ್ಲಿ ಕೆಂಪು, ಕಪ್ಪು, ಬೂದು ಎಂದು ನಾನಾ ಬಣ್ಣಗಳುಂಟು. ಒಂದೇ ಬಣ್ಣದ ಹುಂಜವನ್ನೂ ಹೇಂಟೆಯನ್ನೂ ಕೂಡಿಸಿದರೆ ಅದೇ ಬಣ್ಣದ ಮರಿಗಳಾಗುವುವೆಂದು ನೀವು ಎಣಿಸಬಹುದು. ಚರಿತ್ರೆ ಬೇರೆಯೇ ಹೇಳುತ್ತದೆ.

ಇಂಗ್ಲೆಂಡಿನ ಸಾಕಣೆಗಾರರು ನೀಲಿಬೂದು ಬಣ್ಣದ ಆಂಡಲೂಸಿಯನ್ ಕೋಳಿಯನ್ನು ಬಹುಕಾಲ ಆರಿಸಿ ಆರಿಸಿ ಬೆಳೆಸಿದರು. ಆದರೂ ಕಪ್ಪು ಮರಿಗಳೂ ಚುಕ್ಕೆಬಿಳಿ ಮರಿಗಳೂ ಹುಟ್ಟುತ್ತಲೇ ಇದ್ದವು. ಮೆಂಡೆಲನು 1866ರಲ್ಲಿ ಬಟಾಣಿ ಗಿಡಗಳ ಮೇಲೆ ಬರೆದ ಲೇಖನ 1900ರಲ್ಲಿ ಮತ್ತೆ ಬೆಳಕಿಗೆ ಬಂದಿತು. 1902ರಲ್ಲಿ ಬೇಟ್ಸನ್ ಎಂಬ ವಿಜ್ಞಾನಿ ಕೋಳಿಗಳಲ್ಲಿಯೂ ಅದೇ ನಿಯಮವನ್ನು ತೋರಿಸಿದನು. ಮುಂದೆ ಆಂಡಲೂಸಿಯನ್ನಿನ ಒಗಟೂ ಬಿಡಿಸಿತು. ಅದರ ನೀಲಿ, ಕಪ್ಪು ಮತ್ತು ಚುಕ್ಕೆಬಿಳಿಗಳ ಬೆರಕೆ. ನೀಲಿ ಜೋಡಿಯ ಮರಿಗಳಲ್ಲಿ ಸುಮಾರು ಅರ್ಧ ನೀಲಿ, ಕಾಲುಪಾಲು ಕಪ್ಪು, ಕಾಲುಪಾಲು ಚುಕ್ಕೆಬಿಳಿ. ಎಲ್ಲವೂ ನೀಲಿಯಾಗಬೇಕಾದರೆ ಬೇಡವೆಂದು ಬಿಟ್ಟ ಕಪ್ಪನ್ನೂ ಚುಕ್ಕೆಬಿಳಿಯನ್ನೂ ಕೂಡಿಸಬೇಕು!

ಆದುದರಿಂದ ಗರಿಯನ್ನಷ್ಟೇ ನೋಡದೆ ತಾಯಿತಂದೆಗಳನ್ನೂ ವಿಚಾರಿಸಿ ಕೋಳಿ ಕೊಳ್ಳಿರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ರೂಪಿಸಿದ ಗಿರಿರಾಜ ಹಿತ್ತಿಲಿಗೆ ಒಳ್ಳೆಯದೇ. ಆದರೆ ಅದು ಮಿಶ್ರತಳಿ, ಬಣ್ಣ ನಿಲ್ಲಿಸುವ ಕೆಲಸಕ್ಕೆ ಒದಗದು. ಮೊದಲಿಗೆ ಒಂದು ಹುಂಜ, ಮೂರು ನಾಲ್ಕು ಹೇಂಟೆ ಸಾಕು. ಅವನ್ನು ಬೇರೆ ಗೂಡಿನಲ್ಲಿಡಿರಿ. ಹಿಂದಿನ ಹುಂಜದ ಬೀಜ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಉಳಿಯುವುದುಂಟು. ಆವರೆಗಿನ ಮೊಟ್ಟೆಗಳನ್ನು ಅಡಿಗೆಗೆ ಬಳಸಿ, ಮುಂದಿನವನ್ನು ಕಾವಿಗಿಡಿರಿ. ಮರಿಗಳ ಕಾಲಿಗೆ ಬಳೆ ತೊಡಿಸಿ, ಪ್ರತಿಯೊಂದರ ಬಣ್ಣವನ್ನು ಬರೆದಿಡಿರಿ. ಎರಡು ಮೂರು ತಲೆಮಾರು ಬೇರೆ ಬಣ್ಣ ತಲೆದೋರದಿದ್ದರೆ ನಿಮ್ಮ ತಳಿ ನಿಲ್ಲುತ್ತ ಬಂದಿತೆಂದು ತಿಳಿಯಿರಿ.